ನೋವಿಗೆ ಹತ್ತಕ್ಕೆ ಹತ್ತು

ಮೂರನೇ ಗುರುವಾರವೂ ಅವಳ ವಹಿಗೆ ಸಹಿ ಬೀಳಲಿಲ್ಲ. ಇಚಲಕರಂಜಿಯಿಂದ ಬಸ್ಸಿನಲ್ಲಿ ಬಂದವಳು ಕೊಲ್ಲಾಪುರದ ನಮ್ಮ ಮನೆಯ ಮೆಟ್ಟಿಲ ಮೇಲೆ, ಚಪ್ಪಲಿಯನ್ನೂ ಬಿಚ್ಚದೆ, ವಹಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ನನ್ನ ಹೆಂಡತಿ ಚಹಾ ತಂದು ಪಕ್ಕದಲ್ಲಿಟ್ಟು, "ಇವತ್ತೂ ಇಲ್ಲೇನ?" ಎಂದಳು.

"ಇಲ್ಲ ಕಾಕು. ಮೇಡಂ ಅಂದ್ರು, ನಿನ್ನ ಕಾಗದ ಸುಳ್ಳ ಐತಿ."

ಅವಳು ಟಾಂಜಾನಿಯಾದ ಸಮುದ್ರದಂಡೆಯ ಊರಿನವಳು. ಫಿಸಿಯೋಥೆರಪಿ ಕಲಿಯಲು ನಮ್ಮೂರಿನ ಕಾಲೇಜೊಂದಕ್ಕೆ ಬಂದಿದ್ದಳು. ಮೊದಲ ವರ್ಷದಿಂದಲೂ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲೇ ಇದ್ದಳು. ಕಾಲೇಜಿನಲ್ಲಿ ಇಂಗ್ಲಿಷು, ಬಸ್ಸಿನಲ್ಲಿ ಮರಾಠಿ, ನಮ್ಮ ಅಡುಗೆಮನೆಯಲ್ಲಿ ಕನ್ನಡ ಎಂದು ಅವಳೇ ಹಂಚಿಕೊಂಡಿದ್ದಳು. ನಾನು ಒಂದು ಮರಾಠಿ ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವವನು. ಬೇರೆಯವರು ಬರೆದ ಸುದ್ದಿಯನ್ನು ಪರಿಶೀಲಿಸಿ, ಕತ್ತರಿಸಿ, ಪುಟಕ್ಕೆ ಕಳಿಸುವುದು ನನ್ನ ಕೆಲಸ. ಮನೆಮಾತು ಕನ್ನಡ, ಹುಟ್ಟಿದ್ದು ಗಡಹಿಂಗ್ಲಜದಲ್ಲಿ.

ಪರದೇಶದಿಂದ ಕಲಿಯಲು ಬರುವವರು ಊಟ, ಬಿಸಿಲು, ಭಾಷೆ ಇವುಗಳ ಬಗ್ಗೆ ಹೆದರಿಕೊಂಡು ಬರುತ್ತಾರೆ. ಅವೆಲ್ಲ ಆರು ತಿಂಗಳಲ್ಲಿ ತಾವಾಗಿ ಸರಿಹೋಗುತ್ತವೆ. ಸರಿಹೋಗದೆ ಉಳಿಯುವುದು ಕಾಗದ. ಅವಳು ಬಂದ ವಾರವೇ ನಮಗೆ ಇದು ತಿಳಿಯಿತು. ವಿದೇಶಿಯೊಬ್ಬರು ಮನೆಯಲ್ಲಿ ಉಳಿದರೆ ಮನೆಯ ಮಾಲೀಕ ಮರುದಿನದೊಳಗೆ ಸರ್ಕಾರಕ್ಕೆ ತಿಳಿಸಬೇಕು, ವಿದ್ಯಾರ್ಥಿ ತಾನೂ ಕೆಲವೇ ದಿನಗಳಲ್ಲಿ ಹೆಸರು ನೋಂದಾಯಿಸಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ತಿಳಿದ ಮೇಲೆ ಓಡಾಡಿದೆವು. ಫೋಟೋದ ಹಿಂದಿನ ಬಣ್ಣ ಸರಿಯಿಲ್ಲವೆಂದು ಒಮ್ಮೆ, ಬಾಡಿಗೆ ಕರಾರಿನಲ್ಲಿ ಊರಿನ ಹೆಸರು ತಪ್ಪೆಂದು ಇನ್ನೊಮ್ಮೆ ಮರಳಿ ಕಳಿಸಿದರು. ಅಂದಿನಿಂದ ಅವಳು ಪ್ರತಿ ಕಾಗದದ ಎರಡು ಪ್ರತಿ ಇಟ್ಟುಕೊಂಡು, ಮೂಲೆಯಲ್ಲಿ ತಾರೀಖು ಬರೆಯುವುದನ್ನು ರೂಢಿ ಮಾಡಿಕೊಂಡಳು.

ಇನ್ನೊಂದು ಕೆಲಸವನ್ನು ಅವಳು ಯಾರೂ ಹೇಳದೆ ಮಾಡಿದ್ದಳು. ಮರಳಿ ಹೋದ ಮೇಲೆ ತನ್ನ ದೇಶದಲ್ಲಿ ವೃತ್ತಿ ನೋಂದಣಿ ಮಾಡುವ ಕೌನ್ಸಿಲ್ ಯಾವ ವಿಭಾಗದಲ್ಲಿ ಎಷ್ಟು ಗಂಟೆಯ ಕೆಲಸವನ್ನು ಲೆಕ್ಕಕ್ಕೆ ಹಿಡಿಯುತ್ತದೆ ಎಂದು ಪತ್ರ ಬರೆದು ಕೇಳಿ, ಉತ್ತರ ತರಿಸಿಕೊಂಡೇ ಇಲ್ಲಿ ಪ್ರವೇಶ ಪಡೆದಿದ್ದಳು. ಅವಳ ಜೊತೆಗೆ ಬಂದ ಕೆಲವರು ಇದನ್ನು ಕೊನೆಯ ವರ್ಷಕ್ಕೆ ಬಿಟ್ಟು ಪೇಚಾಡಿದ್ದನ್ನು ನೋಡಿದ್ದೇನೆ. ಇಂಟರ್ನ್‌ಶಿಪ್ಪಿನ ವಹಿಯನ್ನೂ ಅವಳು ವಾರವಾರ ತುಂಬಿಸಿ ಸಹಿ ಹಾಕಿಸಿಕೊಳ್ಳುತ್ತಿದ್ದಳು. ಮೂಳೆ ವಿಭಾಗ, ನರ ವಿಭಾಗ, ಮಕ್ಕಳ ವಿಭಾಗ ಎಲ್ಲಕ್ಕೂ ಸಹಿ, ಮೊಹರು ಬಿದ್ದಿದ್ದವು. ಉಳಿದಿದ್ದು ಒಂದೇ ಪುಟ, ಆಸ್ಪತ್ರೆಯ ಹೊರಗೆ ಜನರ ನಡುವೆ ಮಾಡಬೇಕಾದ ಕೆಲಸದ್ದು. ಅದಕ್ಕಾಗಿ ಅವಳನ್ನು ಇಚಲಕರಂಜಿಯಲ್ಲಿ ಮಗ್ಗದ ಕಾರ್ಮಿಕರ ಓಣಿಯ ಆರೋಗ್ಯ ಕೇಂದ್ರಕ್ಕೆ ಹಾಕಿದ್ದರು. ಸಹಿ ಹಾಕಬೇಕಾದವರು, ಗುರುವಾರ ವಹಿ ನೋಡುವ ಕಾಲೇಜಿನ ಮೇಡಂ. ವೀಸಾ ಮುಗಿಯಲು ಏಳು ವಾರವಿತ್ತು. ಆ ಪುಟ ಖಾಲಿ ಉಳಿದರೆ ಅವಳ ದೇಶದಲ್ಲಿ ನೋಂದಣಿ ಪರೀಕ್ಷೆಗೆ ಕೂರಲು ಬಿಡುತ್ತಿರಲಿಲ್ಲ. ಇಲ್ಲಿ ಕಲಿತ ಅಷ್ಟೂ ವರ್ಷ ಆ ಒಂದು ಪುಟದ ಮೇಲೆ ನಿಂತಿತ್ತು.

"ಕೊಡು, ನೋಡತೀನಿ," ಎಂದು ವಹಿ ತೆಗೆದುಕೊಂಡೆ.

ಕಾರ್ಮಿಕರೊಬ್ಬರ ದಾಖಲೆ ಹೀಗಿತ್ತು. ಬಲಭುಜ. ತೋಳು ಎಷ್ಟು ಮೇಲೇಳುತ್ತದೆ ಎಂಬ ಕೋನದ ಅಳತೆ ವಾರದಿಂದ ವಾರಕ್ಕೆ ಏರುತ್ತಾ ಬಂದಿತ್ತು. ಅಂದರೆ ಗುಣವಾಗುತ್ತಿತ್ತು. ಅದರ ಪಕ್ಕದ ಕಾಲಮಿನಲ್ಲಿ ನೋವು, ಸೊನ್ನೆಯಿಂದ ಹತ್ತರ ಅಳತೆಯಲ್ಲಿ, ಮೊದಲ ವಾರ ಐದು, ಎರಡನೇ ವಾರ ಏಳು, ಮೂರನೇ ವಾರ ಹತ್ತು. ಹತ್ತೆಂದರೆ ತಡೆಯಲಾರದ ನೋವು. ಇನ್ನು ಕೆಲವರದು ಮೊದಲ ದಿನದಿಂದಲೇ ಸೊನ್ನೆ. ನೋವೇ ಇಲ್ಲದವರು ದಿನವೂ ಕೇಂದ್ರಕ್ಕೆ ಯಾಕೆ ಬರುತ್ತಿದ್ದರೋ ಕಾಗದದಲ್ಲಿ ಇರಲಿಲ್ಲ. ಮೇಡಂ ಪೆನ್ಸಿಲ್ಲಿನಿಂದ ಎರಡೂ ಕಾಲಮುಗಳ ಕೆಳಗೆ ಗೆರೆ ಎಳೆದು, ಎರಡರಲ್ಲಿ ಒಂದು ಸುಳ್ಳು ಎಂದು ಬರೆದಿದ್ದರು. ನನ್ನ ಮೇಜಿಗೆ ಇಂಥ ಸುದ್ದಿ ಬಂದಿದ್ದರೆ ನಾನೂ ತಡೆಹಿಡಿಯುತ್ತಿದ್ದೆ.

"ಇವ್ರಿಗೆ ನೋವು ಹ್ಯಾಂಗ ಕೇಳತಿ?" ಎಂದೆ.

"ನೀವ ಕಲಿಸಿದ್ದು ಕಾಕಾ. ನೋವು ಹತ್ತಕ್ಕ ಎಷ್ಟ ಐತ್ರಿ?"

ಹೌದು, ಆ ವಾಕ್ಯ ಮಾಡಿಕೊಟ್ಟವನು ನಾನೇ. ಮಂಗಳವಾರ ನನ್ನ ವಾರದ ರಜೆ. ಅವಳ ಜೊತೆ ಬೆಳಗಿನ ಬಸ್ಸು ಹಿಡಿದೆ.

ಕೇಂದ್ರವೆಂದರೆ ಒಂದು ಕೋಣೆ, ಒಂದು ಮಂಚ, ಬಂದವರು ಕೂರಲು ಗೋಡೆಗೆ ತಾಗಿಸಿಟ್ಟ ಮರದ ಬಾಕು. ಎಂಟಕ್ಕೆ ಪಾಳಿ ಬದಲಾಗುತ್ತಲೇ ಜನ ಬರತೊಡಗಿದರು. ಆ ಬಲಭುಜದವರು ಮೊದಲಿಗರು. ಐವತ್ತರ ಸಮೀಪದವರು, ಹುಬ್ಬಿಗೆ, ಮೀಸೆಗೆ ಹತ್ತಿಯ ಧೂಳು ಹತ್ತಿತ್ತು. ಅವರ ಹಿರಿಯರು ಗಡಿಯಾಚೆಯ ಕರ್ನಾಟಕದ ಹಳ್ಳಿಯಿಂದ ಬಂದು ಇಲ್ಲಿ ನೆಲೆಸಿದವರು. ಆರು ಪವರ್‌ಲೂಮ್ ಮಗ್ಗಗಳನ್ನು ಒಬ್ಬರೇ ನೋಡಿಕೊಳ್ಳುವ ಕೆಲಸ.

ಅವಳು ಅವರ ತೋಳೆತ್ತಿಸಿ ಅಳೆದಳು. ಆಮೇಲೆ ವಹಿ ತೆರೆದು, "ಹತ್ತಕ್ಕ ಎಷ್ಟ್ರಿ ನೋವು?" ಎಂದಳು.

"ಹತ್ತ," ಎಂದರು ಅವರು ತಡವಿಲ್ಲದೆ, ನಗುತ್ತಾ.

"ಹತ್ತ ಅಂದ್ರ ತಡ್ಯಾಕ ಆಗದಂಥಾ ನೋವು," ಎಂದೆ ನಾನು. "ನೀವು ನಗಾಕತ್ತೀರಿ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಾಗಿಲ ಹತ್ತಿರ ಕರೆದು ದನಿ ತಗ್ಗಿಸಿದರು.

"ಅಣ್ಣಾರ, ನೀವು ತಿಳದವ್ರು, ನಿಮಗ ಬಿಡಿಸಿ ಹೇಳಬೇಕೇನ್ರಿ? ಈ ಬಾಯಾರು ಕಲ್ಯಾಕ ಬಂದಾರ. ಆ ವಹಿ ದೊಡ್ಡ ಮೇಡಮ್ಮಾರ ಕೈಗೆ ಹೋಗತೈತಿ. ಮೊದಲನೇ ದಿನ ಇವ್ರ ಕೈಗುಣ ನನಗ ಗೊತ್ತಿರಲಿಲ್ಲ, ಐದ ಕೊಟ್ಟೆ. ಆಮ್ಯಾಲ ಕೈ ಸ್ವಲ್ಪ ಹಗುರಾತು, ಏಳ ಕೊಟ್ಟೆ. ಈಗ ಹತ್ತಕ್ಕ ಹತ್ತ. ಸಮುದ್ರ ದಾಟಿ ಬಂದ ಹುಡುಗಿನ ನಾ ಫೇಲ್ ಮಾಡ್ಲೇನು?"

"ಕೇಳಿದ್ದು ನೋವಿಂದು ಅಂತ ಗೊತ್ತಿತ್ತಲ್ರೀ?"

"ಗೊತ್ತಿತ್ರಿ. ನೋವ ಯಾರ ಕಾಗದದಾಗ ಬರೀತಾರ? ಕಾಗದದಾಗ ಬರಿಯೂದು ಮಾರ್ಕ್ಸ."

ಬಾಕಿನ ಮೇಲೆ ಕುಳಿತ ಮುದುಕಿ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಅವಳು ಮಗ್ಗಕ್ಕೆ ಬೇಕಾದ ನೂಲನ್ನು ಸಣ್ಣ ಕಾಂಡಿ ಕೊಳವೆಗಳಿಗೆ ಸುತ್ತುವವಳು. ಕುತ್ತಿಗೆ ನೋವೆಂದು ಬರುತ್ತಿದ್ದಳು. "ನಾ ಮಾತ್ರ ಸೊನ್ನಿ ಹೇಳೇನಪ್ಪಾ," ಎಂದಳು. "ಇನ್ನೂ ಬ್ಯಾನಿ ಐತಿ ಅಂದ್ರ ಹುಡುಗಿ ಮಾರಿ ಸಣ್ಣದಾಗತೈತಿ. ಪಾಪ, ಹೊತ್ತ ಮುಳಗೂತನಾ ತಿಕ್ಕತಾಳ."

ಇಷ್ಟೇ ಆಗಿತ್ತು. ಒಬ್ಬರು ಹುಡುಗಿಗೆ ಪೂರ್ತಿ ಅಂಕ ಕೊಟ್ಟಿದ್ದರು, ಇನ್ನೊಬ್ಬರು ಅವಳ ಮನಸ್ಸು ನೋಯದಿರಲಿ ಎಂದು ನೋವನ್ನೇ ಅಳಿಸಿದ್ದರು. ಇಬ್ಬರೂ ಸೇರಿ ಅವಳನ್ನು ಕೆಡವುವುದರಲ್ಲಿದ್ದರು. ನಾನು ಅವಳಿಗೆ ವಿವರಿಸಿದೆ. ಅವಳು ವಹಿ ತೆರೆದು ಆ ಐದು, ಏಳು, ಹತ್ತನ್ನು ಮತ್ತೆ ಓದಿದಳು. ಆಮೇಲೆ ನಕ್ಕಳು, ಆ ತಿಂಗಳಲ್ಲಿ ನಾನು ಅವಳ ನಗು ಕೇಳಿದ್ದು ಅದೇ ಮೊದಲು.

ಮರಳಿ ಬರುವಾಗ ಬಸ್ಸಿನಲ್ಲಿ ತನ್ನೂರಿನ ವಿಷಯ ಹೇಳಿದಳು. ಅಲ್ಲಿ ಇಬ್ಬರು ಎದುರಾದರೆ ಮೊದಲು ಕೇಳುವುದು, ಏನು ಸುದ್ದಿ ಎಂದು. ಉತ್ತರ ಯಾವಾಗಲೂ, ಒಳ್ಳೆಯದೇ. ಮನೆಯ ಸುದ್ದಿ ಏನು, ಒಳ್ಳೆಯದೇ. ಕೆಲಸದ ಸುದ್ದಿ ಏನು, ಒಳ್ಳೆಯದೇ. ಇಷ್ಟೆಲ್ಲ ಆದ ಮೇಲೆ, ನಿನ್ನೆ ಅವ್ವನನ್ನು ಆಸ್ಪತ್ರೆಗೆ ಸೇರಿಸಿದೆವು ಎಂಬ ಮಾತು ಬರುತ್ತದೆ. "ನಮ್ಮ ಊರಾಗ ನನಗ ಇದು ಗೊತ್ತ ಐತಿ ಕಾಕಾ," ಎಂದಳು. "ಇಲ್ಲಿ ನಾ ಮೊದಲನೇ ಉತ್ತರ ಬರದು ವಹಿ ಮುಚ್ಚಿದೆ."

ನಮ್ಮ ಕಚೇರಿಗೆ ಹೊಸದಾಗಿ ಸೇರುವ ವರದಿಗಾರರೂ ಇದನ್ನೇ ಮಾಡುತ್ತಾರೆ.

ಮನೆಯಲ್ಲಿ ನನ್ನ ಹೆಂಡತಿ ಸುಲಭದ ದಾರಿ ಹುಡುಕಿದಳು. "ಆ ಹತ್ತರಾಗಿನ ಸೊನ್ನಿ ತೆಗದಬಿಟ್ರ ಒಂದ ಆಗತೈತಿ. ರಬ್ಬರ್ ಐತಿ ಮನ್ಯಾಗ."

"ಅದಕ್ಕ ಕೈ ಹಚ್ಚಬ್ಯಾಡ," ಎಂದೆ. "ಅಚ್ಚಾದದ್ದನ್ನ ಅಳಸೂದಿಲ್ಲ. ತಪ್ಪಾಗಿದ್ರ ಮರುದಿನ ತಿದ್ದುಪಡಿ ಹಾಕತೀವಿ."

ಹುಡುಗಿ ಮರುಪುಟದಲ್ಲಿ ತಾರೀಖು ಹಾಕಿ ಇಂಗ್ಲಿಷಿನಲ್ಲಿ ಬರೆದಳು. ಹಿಂದಿನ ಪುಟದ ಅಂಕಿಗಳು ರೋಗಿಗಳು ಹೇಳಿದ ಹಾಗೆಯೇ ಇವೆ. ಆದರೆ ಅವು ನೋವಿನ ಅಂಕಿಗಳಲ್ಲ, ಚಿಕಿತ್ಸೆ ಮಾಡಿದವಳಿಗೆ ಕೊಟ್ಟ ಅಂಕಗಳು. ಈ ಪುಟದಿಂದ ಬೇರೆ ರೀತಿಯಲ್ಲಿ ದಾಖಲಿಸುತ್ತೇನೆ.

ಬೇರೆ ರೀತಿ ಯಾವುದು ಎಂಬುದಕ್ಕೆ ಎರಡು ಸಂಜೆ ಕುಳಿತೆವು. ನನ್ನ ವೃತ್ತಿಯಲ್ಲಿ, ಹೇಗನಿಸಿತು ಎಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ಏನು ಮಾಡಿದಿರಿ, ಯಾವ ಕೈಯಿಂದ, ಎಷ್ಟು ಹೊತ್ತಿಗೆ ಎಂದು ಕೇಳಿದರೆ ಸುದ್ದಿ ಬರುತ್ತದೆ. ಅವಳ ಪುಸ್ತಕದಲ್ಲೂ ಇಂಥದೇ ಒಂದು ಪದ್ಧತಿ ಇತ್ತು. ರೋಗಿಗೆ ಕಷ್ಟವಾಗುವ ಕೆಲಸಗಳನ್ನು ಅವರ ಬಾಯಿಂದಲೇ ಹೇಳಿಸಿ, ವಾರವಾರ ಅವನ್ನೇ ನೋಡುವುದು. ಪರೀಕ್ಷೆಗೆಂದು ಓದಿದ್ದಳು, ಬಳಸಿರಲಿಲ್ಲ.

ಮೊದಲು ಎಲ್ಲಿ ಪ್ರಯೋಗ ಮಾಡುವುದು ಎಂದಾಗ ನನ್ನ ಅಕ್ಕ ನೆನಪಾದಳು. ರವಿವಾರ ರಜೆ ಹಾಕಿ ಗಡಹಿಂಗ್ಲಜಕ್ಕೆ ಹೋದೆವು. ಅಕ್ಕ, ಅವಳ ಗಂಡ ನಮ್ಮ ಮಾವ ಅಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಾರೆ. ಅಕ್ಕನ ಮೊಣಕಾಲು ಸರಿಯಿಲ್ಲವೆಂದು ನನಗೆ ಬಹಳ ದಿನದಿಂದ ಅನುಮಾನ; ಅವಳ ಬಾಯಿಂದ ಒಂದು ದಿನವೂ ಬಂದಿರಲಿಲ್ಲ.

ಊಟವಾದ ಮೇಲೆ ಹುಡುಗಿ ಬೇಕೆಂದೇ ಹಳೆಯ ಪ್ರಶ್ನೆ ಕೇಳಿದಳು. "ಮೊಣಕಾಲು ಹ್ಯಾಂಗ ಅದಾವ್ರಿ ಅಕ್ಕಾರ?"

"ನನಗೇನಾಗೇತಿ? ಗಟ್ಟಿ ಅದೀನಿ. ನಿನ್ನ ಕಾಲ ನೋಡ್ಕೊ ಮೊದಲ, ಕೊಕ್ಕರಿ ಕಾಲ ಆಗ್ಯಾವ. ಇವ್ರ ಮನ್ಯಾಗ ಊಟಕ್ಕ ಹಾಕತಾರೋ ಇಲ್ಲೋ?"

ಹುಡುಗಿ ನಕ್ಕು, ಸ್ವಲ್ಪ ಬಿಟ್ಟು ಕೇಳಿದಳು. "ರೊಟ್ಟಿ ಕುಂತ ಬಡೀತೀರಿ, ನಿಂತ ಬಡೀತೀರಿ?"

ಅಕ್ಕನ ಕೈ ಎಲೆಯಡಿಕೆಯ ಮೇಲೆ ನಿಂತಿತು. "ಕುಂತ ಬಡಿಯೂದು ಬಿಟ್ಟ ಎರಡ ವರ್ಷಾತು. ಏಳಾಕ ಆಗೂದಿಲ್ಲಲ್ಲ."

ಒಳಗಿನಿಂದ ಮಾವ, "ಇದನ್ನ ನನಗ ಹೇಳೇ ಇಲ್ಲ," ಎಂದರು.

"ನಿಮ್ಮ ಲಕ್ಷ್ಯ ರೊಟ್ಟಿ ಮ್ಯಾಲ ಇರತೈತಿ. ಅದನ್ನ ಬಡದಾಕಿ ನಿಂತಾಳೋ ಕುಂತಾಳೋ ಯಾವಾಗ ನೋಡೀರಿ?"

ಆಮೇಲೆ ಅಕ್ಕನನ್ನು ತಡೆಯುವುದೇ ಕಷ್ಟವಾಯಿತು. ಅಟ್ಟದ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುವುದು, ಕಾಯಿ ಆರಿಸುವಾಗ ಬಲಗಾಲು ಚಾಚಿಯೇ ಕೂರುವುದು, ಬೆಳಿಗ್ಗೆ ಎದ್ದಾಗ ಗೋಡೆ ಹಿಡಿದು ಮೂರು ಹೆಜ್ಜೆ ಹಾಕಿದ ಮೇಲೆ ಕಾಲು ಸಡಿಲಾಗುವುದು, ಎಲ್ಲವೂ ಬಂದವು. ಹುಡುಗಿ ಎರಡು ಪುಟ ತುಂಬಿಸಿದಳು. ಹೊರಡುವಾಗ ಅಕ್ಕ ಒಂದು ಪೊಟ್ಟಣ ಖಾರದ ಪುಡಿ ಅವಳ ಚೀಲಕ್ಕೆ ಹಾಕಿ, ನನ್ನ ಕಡೆ ತಿರುಗಿ, "ನೀ ಪೇಪರಿನ್ಯಾಂವ. ಇಷ್ಟ ವರ್ಷದಾಗ ಹಿಂಗ ಒಂದ ಮಾತ ಕೇಳಿದಿ?" ಎಂದಳು.

ಇಚಲಕರಂಜಿಗೆ ಹೊಸ ಕಾಗದ ಹೋಯಿತು. ಅದರಲ್ಲಿ ಅಂಕಿ ಕೇಳುವ ಪ್ರಶ್ನೆ ಒಂದೂ ಇರಲಿಲ್ಲ. ಅಂಗಿಯ ತೋಳಿಗೆ ಯಾವ ಕೈ ಮೊದಲು ಹಾಕುತ್ತೀರಿ, ಯಾವ ಮಗ್ಗುಲಿಗೆ ಮಲಗುತ್ತೀರಿ, ಮಗ್ಗದ ಹಿಂದೆ ಎಳೆ ಹರಿದರೆ ಯಾವ ಕೈಯಿಂದ ಹಿಡಿಯುತ್ತೀರಿ, ಮೊದಲು ಮಾಡುತ್ತಿದ್ದ ಯಾವ ಕೆಲಸ ಬಿಟ್ಟಿದ್ದೀರಿ. ಕನ್ನಡದಲ್ಲಿ, ಮರಾಠಿಯಲ್ಲಿ ನಾನೇ ಬರೆದುಕೊಟ್ಟೆ. ಕೊನೆಯ ಪ್ರಶ್ನೆಗೆ ಬಲಭುಜದವರೂ ಉತ್ತರ ಕೊಟ್ಟರಂತೆ. ಆರು ಮಗ್ಗಗಳಲ್ಲಿ ಎರಡನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದರು. ಆ ಎರಡು ಕಿಟಕಿಯ ಕಡೆಗಿದ್ದವು. ಅಲ್ಲಿ ಎಳೆ ಹಿಡಿಯಲು ಬಲಗೈಯನ್ನೇ ಎತ್ತಬೇಕು. ಮನೆಯಲ್ಲಿ ಹೆಂಡತಿಗೂ ಹೇಳಿರಲಿಲ್ಲ.

ಹುಡುಗಿ ಅವರಿಗೆ ಕೊಟ್ಟ ವ್ಯಾಯಾಮಗಳಲ್ಲಿ ಒಂದು, ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತಾ ಕೈಯನ್ನು ಮೇಲೇರಿಸುವುದು. ಮನೆಯಲ್ಲಿ ಮಾಡುವುದಿಲ್ಲವೆಂದು ತಿಳಿದು, ಮಗ್ಗದ ಶೆಡ್ಡಿನ ಗೋಡೆಗೇ ಮಾಡಿ ಎಂದಳು. ಬೆರಳು ಮುಟ್ಟಿದಲ್ಲಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ತಾರೀಖು ಬರೆಯಬೇಕು. ಬಾಯಿಂದ ಹೇಳುವ ಅಂಕಿಯ ಬದಲು ಗೋಡೆಯ ಮೇಲಿನ ಗೆರೆ. ಎರಡನೇ ವಾರದಲ್ಲಿ ಪಕ್ಕದ ಮಗ್ಗದವನೂ ತನ್ನ ಗೆರೆ ಹಾಕಿದ. ಮೂರನೇ ವಾರಕ್ಕೆ ಆ ಗೋಡೆಯಲ್ಲಿ ಐದು ಜನರ ಗೆರೆಗಳಿದ್ದವು. ಗೆರೆ ಹಾಕುವಾಗ ಹಿಮ್ಮಡಿ ಎತ್ತಿದವನು ಉಳಿದವರಿಗೆ ಚಹಾ ಕುಡಿಸುವ ದಂಡ ತೆರಬೇಕಿತ್ತು.

ವಹಿ ಮರಳಿ ಬಂದ ದಿನದಿಂದ ನಾಲ್ಕನೇ ಗುರುವಾರ, ಹೊಸ ಪುಟ ತುಂಬಿದ ಮೇಲೆ, ಮೇಡಂ ಬಂದರು. ಕೇಂದ್ರದಲ್ಲಿ ಕೂರಲಿಲ್ಲ. ತಿದ್ದುಪಡಿಯ ಪುಟ ಓದಿ, ಹೊಸ ಪುಟ ಓದಿ, "ಮಲಾ ತೋ ಮಾಣೂಸ್ ದಾಖವ್," ಆ ಮನುಷ್ಯನನ್ನೇ ತೋರಿಸು ಎಂದರು. ಆ ವಾರ ಬಲಭುಜದವರದು ಹಗಲು ಪಾಳಿ. ಹುಡುಗಿ ನನಗೆ ಫೋನು ಮಾಡಿದಾಗ ನಾನು ಪತ್ರಿಕೆಯ ಕೆಲಸದ ಮೇಲೆ ಅದೇ ಊರಿನಲ್ಲಿದ್ದೆ. ಶೆಡ್ಡಿನ ಬಾಗಿಲಿಗೆ ಹೋಗಿ ನಿಂತೆ.

ಪವರ್‌ಲೂಮಿನ ಶೆಡ್ಡಿನೊಳಗೆ ಮಾತಿಗೆ ಜಾಗವಿಲ್ಲ. ಪಕ್ಕದಲ್ಲಿ ನಿಂತು ಕೂಗಿದರೂ ಕೇಳುವುದಿಲ್ಲ. ಕಾರ್ಮಿಕರು ಕೈಸನ್ನೆಯಲ್ಲಿ ಮಾತಾಡುತ್ತಾರೆ. ಮೇಡಂ ಏನೋ ಕೇಳಲು ಬಾಯಿ ತೆರೆದು ಸುಮ್ಮನಾದರು. ನಾವು ಮೂವರೂ ನಿಂತು ನೋಡಿದೆವು. ಬಲಭುಜದವರ ಬೆನ್ನು ನಮ್ಮ ಕಡೆಗಿತ್ತು, ನಾವು ಬಂದದ್ದು ಗೊತ್ತಿರಲಿಲ್ಲ. ಕಿಟಕಿಯ ಕಡೆಯ ಮಗ್ಗದಲ್ಲಿ ಎಳೆ ಹರಿಯಿತು. ಅವರು ಮಗ್ಗ ನಿಲ್ಲಿಸಿ ಹಿಂದೆ ಹೋದರು. ಬಲಗೈ ಮೇಲೆ ಹೋಯಿತು, ಕಿವಿ ದಾಟಿ, ತಲೆ ದಾಟಿ. ಎಳೆ ಸಿಕ್ಕಿತು. ಗಂಟು ಹಾಕಿ ಮುಂದೆ ಬಂದು ಹ್ಯಾಂಡಲ್ ಎಳೆದರು. ಮಗ್ಗ ಮತ್ತೆ ಶುರುವಾಯಿತು. ಇಷ್ಟಕ್ಕೆ ಒಂದು ನಿಮಿಷ ಹಿಡಿದಿರಲಾರದು.

ತಿರುಗಿದಾಗ ನಮ್ಮನ್ನು ಕಂಡರು. ನಮಸ್ಕಾರ ಮಾಡಲಿಲ್ಲ. ಒಂದು ಕೈಯ ಐದು ಬೆರಳು, ಇನ್ನೊಂದರ ಹೆಬ್ಬೆರಳು ಎತ್ತಿ, ಮಗ್ಗಗಳ ಸಾಲಿನ ಕಡೆ ತೋರಿಸಿದರು. ಆರು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಮೇಡಂ ಗೋಡೆಯ ಹತ್ತಿರ ಹೋಗಿ ಗೆರೆಗಳನ್ನು ಕೆಳಗಿನಿಂದ ಒಂದೊಂದಾಗಿ ಓದಿ, ಕೊನೆಯ ಗೆರೆಯನ್ನು ತಾವೇ ಮುಟ್ಟಲು ನೋಡಿದರು. ಹಿಮ್ಮಡಿ ಎತ್ತಬೇಕಾಯಿತು. ಪಕ್ಕದ ಮಗ್ಗದವನು ಬೆರಳಲ್ಲಿ ಚಹಾದ ಕಪ್ಪು-ಬಸಿ ಹಿಡಿದ ಹಾಗೆ ಮಾಡಿ ತೋರಿಸಿದ. ಅವರಿಗೆ ಅರ್ಥವಾಗಲಿಲ್ಲ, ನಾನೂ ಹೇಳಲಿಲ್ಲ.

ಹೊರಗೆ ಬಂದು, ಯಾರದೋ ಸ್ಕೂಟರಿನ ಸೀಟಿನ ಮೇಲೆ ವಹಿ ಇಟ್ಟು ಸಹಿ ಹಾಕಿದರು. ಹೊಸ ಪುಟಕ್ಕೊಂದು, ತಿದ್ದುಪಡಿಯ ಪುಟಕ್ಕೂ ಒಂದು. "ಇಂಥ ಪುಟ ನಾನು ಮೊದಲ ಸಲ ನೋಡಿದ್ದು," ಎಂದು ಮರಾಠಿಯಲ್ಲಿ ಹೇಳಿ, ಆ ಪ್ರಶ್ನೆಗಳ ಕಾಗದದ ಒಂದು ಪ್ರತಿ ಕೇಳಿ ತೆಗೆದುಕೊಂಡರು. ವೀಸಾ ಮುಗಿಯಲು ಇನ್ನೂ ಮೂರು ವಾರವಿತ್ತು. ಅಂದೇ ಸಂಜೆ ಎಲ್ಲ ಪುಟ ಸ್ಕ್ಯಾನ್ ಆಗಿ ಅವಳ ದೇಶಕ್ಕೆ ಹೋದವು. ಉತ್ತರ ಒಂದೇ ಸಾಲಿನದು, ಗಂಟೆಗಳನ್ನು ಒಪ್ಪಿದ್ದೇವೆ, ಪರೀಕ್ಷೆಗೆ ಕೂರಬಹುದು. ಅಡುಗೆಮನೆಯಲ್ಲಿ ನಿಂತು ಅದನ್ನು ಮೂರು ಸಲ ಗಟ್ಟಿಯಾಗಿ ಓದಿದಳು. ನನ್ನ ಹೆಂಡತಿಗೆ ಇಂಗ್ಲಿಷು ಬಾರದು. ಮೂರು ಸಲವೂ "ಹಾಂ" ಎಂದಳು.

ಹುಡುಗಿಯ ಕೆಲಸ ಮುಗಿದಿತ್ತು, ಆದರೂ ಉಳಿದ ಗುರುವಾರಗಳಂದು ಕೇಂದ್ರಕ್ಕೆ ಹೋದಳು. ಪಾಳಿ ಬದಲಾಗುವ ಹೊತ್ತಿಗೆ ಬಾಕು ಸಾಲದೆ ಜನ ಹೊರಗೆ ನಿಲ್ಲುತ್ತಿದ್ದರು. ಕೊನೆಯ ಗುರುವಾರ ಅವಳ ಜಾಗಕ್ಕೆ ಬರುವ ಇಬ್ಬರು ಕಿರಿಯ ವಿದ್ಯಾರ್ಥಿನಿಯರು ಜೊತೆಗಿದ್ದರು, ಒಬ್ಬಳು ನೇಪಾಳದವಳು, ಒಬ್ಬಳು ಕೀನ್ಯಾದವಳು. ದಾರಿಯುದ್ದಕ್ಕೂ ಅವರಿಗೆ ಹೇಳುತ್ತಾ ಬಂದಿದ್ದಳು. ಕೌನ್ಸಿಲ್ಲಿಗೆ ಈಗಲೇ ಪತ್ರ ಬರೆಯಿರಿ. ಸಹಿ ವಾರವಾರ ತೆಗೆದುಕೊಳ್ಳಿ. ತಪ್ಪಾದರೆ ಅಳಿಸಬೇಡಿ. ಮೊದಲನೇ ಉತ್ತರಕ್ಕೆ ಪೆನ್ನು ತೆಗೆಯಬೇಡಿ.

ಕಾಂಡಿ ಸುತ್ತುವ ಮುದುಕಿ ಹೊಸಬರಿಬ್ಬರನ್ನೂ ಕಣ್ಣಲ್ಲೇ ಅಳೆದಳು. ನೇಪಾಳದವಳು ಕಾಗದ ನೋಡಿಕೊಂಡು, ಕಲಿತ ನಾಲ್ಕು ಮಾತಿನಲ್ಲಿ, "ಹ್ಯಾಂಗ ಅದೀರಿ ಅಜ್ಜಿ?" ಎಂದಳು.

"ಆರಾಮವ್ವ. ನನಗೇನಾಗೇತಿ?"

ನೇಪಾಳದ ಹುಡುಗಿ ಪೆನ್ನಿನ ಮುಚ್ಚಳ ತೆಗೆದವಳು ಮತ್ತೆ ಹಾಕಿದಳು. "ಕಾಂಡಿ ಸುತ್ತೂವಾಗ ಕುತ್ಗಿ ಯಾವ ಕಡೆ ತಿರಗತೈತಿ?"

ಮುದುಕಿ ಬಾಕಿನ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. "ಕುಂದರು," ಎಂದಳು. "ಇದು ಎರಡ ಮಾತಿಗೆ ಮುಗಿಯೂದಲ್ಲ."